ಆಸ್ಪತ್ರೆಗೆ ಸೇರುವ ಮೊದಲು ನಾಯಿ, ಬೆಕ್ಕಿಗೆ ತಾತ್ಕಾಲಿಕ ಮನೆ ಹುಡುಕುವುದು ಹೇಗೆ?

ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟ ಕೂಡಲೇ ಮನೆಯಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ದುಡ್ಡು ಎಲ್ಲಿಂದ ಹೊಂದಿಸುವುದು, ಜೊತೆಗೆ ಯಾರು ಇರುವುದು, ಮಕ್ಕಳ ಊಟಕ್ಕೆ ಏನು ಮಾಡುವುದು. ನಾಯಿಯ ವಿಷಯ ಬರುವುದು ಕೊನೆಗೆ, ಎಷ್ಟೋ ಸಲ ಹೊರಡುವ ಹಿಂದಿನ ರಾತ್ರಿ. ಅಷ್ಟು ಹೊತ್ತಿಗೆ ಉಳಿದಿರುವುದು ಎರಡೇ ದಾರಿ. ಒಂದು, "ಪಕ್ಕದ ಮನೆಯವರು ಒಂದಿಷ್ಟು ಅನ್ನ ಹಾಕ್ತಾರೆ ಬಿಡಿ." ಇನ್ನೊಂದು, "ಈ ತಿಂಗಳು ಬೇಡ, ಆಪರೇಷನ್ ಮುಂದಕ್ಕೆ ಹಾಕೋಣ." ಮೊದಲನೆಯದರಲ್ಲಿ ನಾಯಿ ನರಳುತ್ತದೆ, ಎರಡನೆಯದರಲ್ಲಿ ಮನುಷ್ಯರು.

ಒಬ್ಬರೇ ಇರುವವರಿಗೆ ಈ ಕಷ್ಟ ಜಾಸ್ತಿ. ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಊರಿನ ಮನೆಯಲ್ಲಿ ಅಮ್ಮ ಮತ್ತು ಒಂದು ನಾಯಿ. ಬೆಂಗಳೂರಿನ ಕಿದ್ವಾಯಿಗೋ ಜಯದೇವಕ್ಕೋ ಬಂದು ವಾರಗಟ್ಟಲೆ ಇರಬೇಕು ಅಂದಾಗ ಅಮ್ಮ "ಇದನ್ನ ಬಿಟ್ಟು ಹೇಗಪ್ಪಾ ಬರ್ಲಿ" ಅನ್ನುತ್ತಾರೆ. ಅದನ್ನು ನೆಪ ಅಂದುಕೊಂಡು ಗದರಬೇಡಿ. ಅವರ ಚಿಕಿತ್ಸೆಗೆ ಇರುವ ನಿಜವಾದ ಅಡ್ಡಿ ಅದು. ಮೊದಲು ಅದಕ್ಕೊಂದು ಉತ್ತರ ಹುಡುಕಿಕೊಡಿ.

ಬ್ರಿಟನ್‌ನಲ್ಲಿ ಸಿನಮನ್ ಟ್ರಸ್ಟ್ ಅನ್ನುವ ಸಂಸ್ಥೆ 1985ರಿಂದ ಇದೇ ಕೆಲಸ ಮಾಡುತ್ತಿದೆ. ವಯಸ್ಸಾದವರು ಆಸ್ಪತ್ರೆ ಸೇರಿದರೆ ಸ್ವಯಂಸೇವಕರು ಅವರ ನಾಯಿ, ಬೆಕ್ಕುಗಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡು, ಆಮೇಲೆ ವಾಪಸ್ ಕೊಡುತ್ತಾರೆ. ನಮ್ಮಲ್ಲಿ ಈ ಕೆಲಸ ನಡೆಯುವುದು ನೆಂಟರು, ನೆರೆಯವರು, ಪ್ರಾಣಿಪ್ರಿಯ ಗೆಳೆಯರ ಮೂಲಕ. ವ್ಯವಸ್ಥೆಯನ್ನು ನಾವೇ ಕೂತು ಮಾಡಿಕೊಳ್ಳಬೇಕು. ಸ್ವಲ್ಪ ಮೊದಲೇ ಶುರುಮಾಡಿದರೆ ಕಷ್ಟವೇನಲ್ಲ.

ಮೊದಲ ಹೆಜ್ಜೆ: ನಿಮ್ಮ ಡಾಕ್ಟರನ್ನೇ ಕೇಳಿ

ಆಸ್ಪತ್ರೆಯಲ್ಲಿ ಎಷ್ಟು ದಿನ ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ಮನೆಗೆ ಬಂದ ಮೇಲೆ ಎಷ್ಟು ದಿನ ಭಾರ ಎತ್ತಬಾರದು, ಬಗ್ಗಬಾರದು, ನಾಯಿಯ ಹತ್ತಿರ ಹೋಗಬಹುದೇ ಅಂತ ಕೇಳುವುದನ್ನು ಮರೆಯುತ್ತಾರೆ. ಪ್ರಾಣಿ ಬೇರೆ ಮನೆಯಲ್ಲಿ ಎಷ್ಟು ಕಾಲ ಇರಬೇಕು ಅನ್ನುವುದು ಈ ಎರಡನೇ ಉತ್ತರದ ಮೇಲೆ ನಿಂತಿದೆ.

ಬೈಪಾಸ್ ಆದವರು ಎಲ್ಲ ಸರಿಹೋದರೆ ವಾರ, ಹತ್ತು ದಿನದಲ್ಲಿ ಮನೆಗೆ ಬರುತ್ತಾರೆ. ಆದರೆ ಕತ್ತರಿಸಿದ ಎದೆಮೂಳೆ ಸರಿಯಾಗಿ ಕೂಡಿಕೊಳ್ಳಲು 2ರಿಂದ 3 ತಿಂಗಳು ಬೇಕು. 30 ಕೆಜಿಯ ಲ್ಯಾಬ್ರಡಾರ್ ಖುಷಿಯಲ್ಲಿ ಎದೆ ಮೇಲೆ ಹಾರಿದರೆ, ಬೀದಿಯಲ್ಲಿ ಚೈನು ಜಗ್ಗಿದರೆ ಏನಾಗಬಹುದು ಯೋಚಿಸಿ. ಮಂಡಿ, ಸೊಂಟದ ಆಪರೇಷನ್ ಆದವರಿಗೆ ಕಾಲಿಗೆ ಅಡ್ಡ ಬರುವ ಪುಟ್ಟ ಪೊಮೇರಿಯನ್ ಕೂಡ ಅಪಾಯವೇ. ಕಣ್ಣಿನ ಪೊರೆಯ ಆಪರೇಷನ್ ಒಂದೇ ದಿನದ್ದು. ಆದರೂ ಮುಖ ನೆಕ್ಕುವ ನಾಯಿಯನ್ನು ಡಾಕ್ಟರು ಹೇಳುವಷ್ಟು ದಿನ ದೂರ ಇಡಬೇಕು.

ಕೀಮೋಥೆರಪಿ ಆಗುತ್ತಿದ್ದರೆ ವಿಷಯ ಬೇರೆ. ಸಾಮಾನ್ಯವಾಗಿ ಕೀಮೋ ಕೊಟ್ಟ 7ರಿಂದ 14 ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಆಗ ಸಣ್ಣ ಪರಚು ಗಾಯವೂ ಜ್ವರಕ್ಕೆ ದಾರಿ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿ ಇರಬಹುದು. ಮಲ ಬಿದ್ದು 1ರಿಂದ 5 ದಿನವಾದ ಮೇಲೆ ಅದು ಸೋಂಕು ಹರಡುವ ಹಂತಕ್ಕೆ ಬರುತ್ತದೆ. ಅಂಗಾಂಗ ಕಸಿ ಆದವರು, ಕೀಮೋದಲ್ಲಿ ಇರುವವರು ಬೆಕ್ಕು ಮಲ ಮಾಡುವ ಟ್ರೇ ಮುಟ್ಟಲೇಬಾರದು. ಬೇರೆ ಯಾರಾದರೂ ದಿನಾ ತೆಗೆಯಬೇಕು. ಆ 'ಬೇರೆ ಯಾರಾದರೂ' ಮನೆಯಲ್ಲಿದ್ದರೆ ಬೆಕ್ಕು ಮನೆಯಲ್ಲೇ ಇರಬಹುದು. ಕ್ಯಾನ್ಸರ್ ಅಂದಾಕ್ಷಣ ಪ್ರಾಣಿಯನ್ನು ಯಾರಿಗಾದರೂ ಕೊಟ್ಟುಬಿಡಿ ಅನ್ನುವ ನೆಂಟರ ಮಾತಿಗೆ ತಲೆಯಾಡಿಸುವ ಮುಂಚೆ ಡಾಕ್ಟರನ್ನು ಕೇಳಿ. ಎಷ್ಟೋ ಸಲ ಕೈ ತೊಳೆದುಕೊಳ್ಳುವುದು, ಮಂಚದ ಮೇಲೆ ಮಲಗಿಸಿಕೊಳ್ಳದಿರುವುದು, ಟ್ರೇ ಬೇರೆಯವರು ತೆಗೆಯುವುದು, ಇಷ್ಟೇ ಸಾಕಾಗುತ್ತದೆ.

ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್ ಕೊಟ್ಟವರು ಮನುಷ್ಯರಿಂದ ಹೇಗೋ ಹಾಗೆ ಪ್ರಾಣಿಗಳಿಂದಲೂ ಕೆಲವು ದಿನ ದೂರ ಇರಬೇಕು. ಎಷ್ಟು ದಿನ ಅಂತ ಆಸ್ಪತ್ರೆಯವರೇ ಹೇಳುತ್ತಾರೆ.

ಯಾರ ಮನೆ?

ಪ್ರಾಣಿ ಇರುವ ಜಾಗದಲ್ಲೇ ಇದ್ದು, ಮನುಷ್ಯರು ಅಲ್ಲಿಗೆ ಬಂದು ನೋಡಿಕೊಳ್ಳುವುದಾದರೆ ಬೆಕ್ಕಿಗೆ ಅದೇ ಒಳ್ಳೆಯದು. ಬೆಕ್ಕಿಗೆ ತನ್ನ ಜಾಗ ಬಿಡುವುದೇ ದೊಡ್ಡ ಕಷ್ಟ. ನಾಯಿಗೆ ಜನ ಬೇಕು. ದಿನಕ್ಕೆರಡು ಸಲ ಬಂದು ಊಟ ಹಾಕಿ ಹೋದರೆ ಎರಡು ಮೂರು ದಿನ ನಡೆದೀತು, ಎರಡು ವಾರ ನಡೆಯುವುದಿಲ್ಲ. ಖಾಲಿ ಮನೆಯ ಮುಂದೆ ಕಟ್ಟಿಹಾಕಿದ ನಾಯಿ ಊಳಿಡುತ್ತದೆ, ಬೀದಿಯವರು ಬೈಯುತ್ತಾರೆ, ಕೊನೆಗೆ ಯಾರೋ ಬಿಚ್ಚಿ ಬಿಡುತ್ತಾರೆ. ಹಾಗಾಗಿ ನಾಯಿಗೆ ಮನೆಯೇ ಬೇಕು.

ಹುಡುಕುವಾಗ ನಾಯಿಗೆ ಈಗಾಗಲೇ ಪರಿಚಯ ಇರುವವರಿಂದ ಶುರುಮಾಡಿ. ತಂಗಿ, ಅಣ್ಣನ ಮಗ, ಮನೆಗೆಲಸಕ್ಕೆ ಬರುವ ಅಕ್ಕ, ದಿನಾ ಬೆಳಿಗ್ಗೆ ವಾಕಿಂಗ್‌ನಲ್ಲಿ ಸಿಗುವ ಇನ್ನೊಬ್ಬ ನಾಯಿ ಸಾಕಿದವರು. ಈ ಕೊನೆಯವರನ್ನು ಜನ ಮರೆಯುತ್ತಾರೆ. ನನ್ನ ಅನುಭವದಲ್ಲಿ ಅವರಷ್ಟು ಒಳ್ಳೆಯ ಆಯ್ಕೆ ಇಲ್ಲ. ಅವರಿಗೆ ಕೆಲಸ ಗೊತ್ತು, ನಾಯಿಗಳು ಒಂದನ್ನೊಂದು ಮೂಸಿ ನೋಡಿರುತ್ತವೆ, ಮುಂದೆ ಅವರಿಗೆ ಬೇಕಾದಾಗ ನೀವೂ ಆಗಬಹುದು. ಯಾರೂ ಸಿಗದಿದ್ದರೆ ನಿಮ್ಮ ಪಶುವೈದ್ಯರನ್ನು ಕೇಳಿ. ಊರಲ್ಲಿ ಯಾರು ಪ್ರಾಣಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬೆಂಗಳೂರಿನಲ್ಲಿ ಕ್ಯೂಪಾ, ಮಂಗಳೂರಿನಲ್ಲಿ ಆ್ಯನಿಮಲ್ ಕೇರ್ ಟ್ರಸ್ಟ್ ಇಂಥ ಸಂಸ್ಥೆಗಳಿವೆ. ಇವುಗಳ ಶೆಡ್ಡುಗಳು ಗಾಯಗೊಂಡ, ಬೀದಿಗೆ ಬಿದ್ದ ಪ್ರಾಣಿಗಳಿಂದ ತುಂಬಿರುತ್ತವೆ. ಹಾಗಾಗಿ "ಇಟ್ಕೊಳ್ಳಿ" ಅಂತ ಕೇಳುವ ಬದಲು "ಫಾಸ್ಟರ್ ಮಾಡುವವರು, ಅಂದರೆ ಸ್ವಲ್ಪ ದಿನ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವವರು, ಯಾರಾದರೂ ಗೊತ್ತಾ" ಅಂತ ಕೇಳಿ.

ದುಡ್ಡು ಕೊಟ್ಟು ಬೋರ್ಡಿಂಗ್‌ನಲ್ಲಿ ಬಿಡುವುದೂ ಇದೆ. ಬಿಡುವ ಮುಂಚೆ ಹೇಳದೆ ಕೇಳದೆ ಒಮ್ಮೆ ಹೋಗಿ ನೋಡಿ. ಮೂತ್ರದ ವಾಸನೆ ಹೊಡೆಯುತ್ತಿದೆಯೇ, ನೀರಿನ ಬಟ್ಟಲು ತುಂಬಿದೆಯೇ, ರಾತ್ರಿ ಅಲ್ಲಿ ಮನುಷ್ಯರು ಮಲಗುತ್ತಾರೋ ಇಲ್ಲವೋ. ಒಳಗೆ ಬಿಡುವುದಿಲ್ಲ, ವಿಡಿಯೊ ಕಳಿಸುತ್ತೇವೆ ಅಂದರೆ ಬೇಡ. ಹೆದರುವ ನಾಯಿಗೆ, ವಯಸ್ಸಾದ ನಾಯಿಗೆ ತಿಂಗಳುಗಟ್ಟಲೆ ಕೆನಲ್ ವಾಸ ಒಳ್ಳೆಯದಲ್ಲ.

ಒಬ್ಬರು "ನೋಡ್ಕೋತೀವಿ ಬಿಡಿ ಅಕ್ಕಾ" ಅಂದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರಾ, ಬಾಡಿಗೆ ಮನೆಯಾದರೆ ಓನರ್‌ಗೆ ಹೇಳಿದ್ದೀರಾ, ಆ ದಿನಗಳಲ್ಲಿ ಮದುವೆ, ತಿರುಪತಿ ಅಂತ ಹೊರಡುವುದಿದೆಯಾ. ಇವನ್ನು ಕೇಳಲು ಸಂಕೋಚ ಬೇಡ. ಒಳ್ಳೆಯ ಮನಸ್ಸಿನವರೇ ಅವಸರದಲ್ಲಿ ಒಪ್ಪಿಕೊಂಡು ನಾಲ್ಕನೇ ದಿನಕ್ಕೆ ಒದ್ದಾಡುವುದು. ಇನ್ನೊಂದು ಮನೆಯನ್ನೂ ಮಾತಾಡಿಟ್ಟುಕೊಳ್ಳಿ, ಮೊದಲನೆಯವರಿಗೇ ಜ್ವರ ಬಂದರೆ ಇರಲಿ ಅಂತ.

ದಿನ ಇದ್ದರೆ ಒಂದು ರಾತ್ರಿ ಅಲ್ಲಿ ಬಿಟ್ಟು ನೋಡಿ. ತಪ್ಪೇನಾದರೂ ಇದ್ದರೆ ನೀವು ಇನ್ನೂ ಊರಲ್ಲಿರುವಾಗಲೇ ಗೊತ್ತಾಗಲಿ.

ಪಶು ಆಸ್ಪತ್ರೆಗೆ ಒಂದು ಸುತ್ತು

ಕಡೇ ಪಕ್ಷ ಎರಡು ವಾರ ಮೊದಲೇ ಹೋಗಿ, ಯಾಕೆಂದರೆ ಲಸಿಕೆ ಕೆಲಸ ಮಾಡಲು ಸಮಯ ಬೇಕು. ರೇಬೀಸ್ ಲಸಿಕೆಯ ವರ್ಷ ಮುಗಿದಿದ್ದರೆ ಹಾಕಿಸಿ. ನಾಯಿಗೆ ಡಿಸ್ಟೆಂಪರ್, ಪಾರ್ವೋ ಅನ್ನುವ ಕಾಯಿಲೆಗಳನ್ನು ತಡೆಯುವ ಲಸಿಕೆ, ಬೆಕ್ಕಿಗೆ ಅದರದ್ದೇ ಬೇರೆ ಲಸಿಕೆ. ಜಂತುಹುಳುವಿನ ಮಾತ್ರೆ, ಉಣ್ಣೆಗೆ ಔಷಧಿ. ಉಣ್ಣೆಯನ್ನು ಸದರ ಮಾಡಬೇಡಿ. ನಮ್ಮ ಕಡೆ ನಾಯಿಗಳಿಗೆ ಬರುವ ಉಣ್ಣೆ ಜ್ವರ ಅದರಿಂದಲೇ. ನಿಮ್ಮ ನಾಯಿಯ ಮೈಮೇಲಿನ ನಾಲ್ಕು ಉಣ್ಣೆ ಆ ಮನೆಯ ಗೋಡೆ ಬಿರುಕಿಗೆಲ್ಲ ಸೇರಿಕೊಂಡರೆ ಮುಂದಿನ ಸಲ ಯಾರೂ ಇಟ್ಟುಕೊಳ್ಳುವುದಿಲ್ಲ. ಮರಿ ಆಗದ ಹಾಗೆ ಮಾಡುವ ಆಪರೇಷನ್ ಆಗದ ಹೆಣ್ಣು ನಾಯಿಯಾದರೆ ಬೆದೆಗೆ ಬರುವ ದಿನ ಹತ್ತಿರ ಇದೆಯೇ ಲೆಕ್ಕ ಹಾಕಿ. ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ ಬರುತ್ತದೆ, ಮೂರು ವಾರ ಇರುತ್ತದೆ. ಆ ಮನೆಯಲ್ಲಿ ಗಂಡು ನಾಯಿ ಇದ್ದರೆ ಬೇರೆ ಮನೆ ನೋಡಿ.

ಮರಿಯಾದರೆ ಇನ್ನೊಂದು ಎಚ್ಚರ. ಆ ಮನೆಯಲ್ಲಿ ಈಚೆಗೆ ನಾಯಿಗೆ ಪಾರ್ವೋ ಬಂದಿತ್ತಾ ಕೇಳಿ. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಲಸಿಕೆ ಪೂರ್ತಿ ಆಗದ ಮರಿಯನ್ನು ಅಲ್ಲಿಗೆ ಕಳಿಸಬಾರದು.

ಎಲ್ಲವನ್ನೂ ಬರೆದುಕೊಡಿ

ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ನೀವು ಐಸಿಯುನಲ್ಲಿದ್ದಾಗ ಫೋನ್ ಮಾಡಿ ಕೇಳಲೂ ಆಗುವುದಿಲ್ಲ. ಒಂದು ಹಾಳೆಯಲ್ಲಿ ಬರೆಯಿರಿ, ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲೂ ಕಳಿಸಿ. ಹೇಗಿರಬೇಕು ಅನ್ನುವುದಕ್ಕೆ ಒಂದು ಮಾದರಿ:

"ಹೆಸರು ರಾಜ, ವಯಸ್ಸು 6. 'ಬಾರೋ ರಾಜಾ' ಅಂದರೆ ಬರುತ್ತಾನೆ, 'ಕಮ್' ಗೊತ್ತಿಲ್ಲ. ಬೆಳಿಗ್ಗೆ 7ಕ್ಕೆ ಅರ್ಧ ರಾಗಿ ಮುದ್ದೆ, ಒಂದು ಬೇಯಿಸಿದ ಮೊಟ್ಟೆ. ರಾತ್ರಿ 8ಕ್ಕೆ ಅನ್ನ, ಬೇಯಿಸಿದ ಕೋಳಿ. ಉಪ್ಪು, ಖಾರ, ಈರುಳ್ಳಿ ಇಲ್ಲ. ತಿನ್ನುವಾಗ ತಟ್ಟೆಗೆ ಕೈ ಹಾಕಬೇಡಿ. ಎಡಗಿವಿ ಮುಟ್ಟಿಸಿಕೊಳ್ಳುವುದಿಲ್ಲ. ಸ್ಕೂಟರ್ ಕಂಡರೆ ಜೋರಾಗಿ ಜಗ್ಗುತ್ತಾನೆ, ಚೈನನ್ನು ಕೈಗೆ ಒಂದು ಸುತ್ತು ಹಾಕಿಕೊಳ್ಳಬೇಡಿ, ಬಿದ್ದುಬಿಡುತ್ತೀರಿ. ಗುಡುಗಿಗೆ ಮಂಚದ ಕೆಳಗೆ ಸೇರುತ್ತಾನೆ, ಎಳೆಯಬೇಡಿ, ತಾನೇ ಬರುತ್ತಾನೆ. ಸಂಜೆ ಗೇಟಿನ ಹತ್ತಿರ ಕೂತು ನನಗೆ ಕಾಯುವ ಅಭ್ಯಾಸ. ಕರೆದರೂ ಏಳುವುದಿಲ್ಲ. ಕತ್ತಲಾದ ಮೇಲೆ ಒಳಗೆ ಬರುತ್ತಾನೆ."

ಕಚ್ಚಿದ ಇತಿಹಾಸ ಇದ್ದರೆ ಮುಚ್ಚಿಡಲೇಬೇಡಿ. ಒಮ್ಮೆ ಪೋಸ್ಟ್‌ಮ್ಯಾನ್‌ಗೆ ಕಚ್ಚಿತ್ತು ಅಂತ ಹೇಳಿದರೆ ಇಟ್ಟುಕೊಳ್ಳುವುದಿಲ್ಲವೇನೋ ಅನ್ನುವ ಭಯ ಇರುತ್ತದೆ. ಆದರೆ ಆ ಮನೆಯಲ್ಲಿ ಪುಟ್ಟ ಮಗು ಇರಬಹುದು.

ಅದರ ಕೆಳಗೆ ಇನ್ನೊಂದು ಪ್ಯಾರಾ. ಪ್ರಾಣಿ ನಿಮ್ಮದೇ, ಇಂಥ ತಾರೀಖಿನವರೆಗೆ ಮಾತ್ರ ಅವರ ಹತ್ತಿರ ಇರುತ್ತದೆ, ಬೇರೆಯವರಿಗೆ ಕೊಡುವ ಹಾಗಿಲ್ಲ, ಮರಿ ಹಾಕಿಸುವ ಹಾಗಿಲ್ಲ. ಕಾಯಿಲೆ ಬಂದರೆ ನಿಮ್ಮನ್ನು ಕೇಳದೆ ಇಷ್ಟು ರೂಪಾಯಿವರೆಗೆ ಚಿಕಿತ್ಸೆ ಕೊಡಿಸಬಹುದು, ಅದಕ್ಕಿಂತ ಜಾಸ್ತಿಯಾದರೆ ಮಗಳಿಗೆ ಫೋನ್ ಮಾಡಬೇಕು. ಇಬ್ಬರೂ ಸಹಿ ಹಾಕಿ. ನೆಂಟರ ನಡುವೆ ಇದೆಲ್ಲ ಯಾಕೆ ಅನ್ನಿಸಬಹುದು. ನೆಂಟಸ್ತಿಕೆ ಉಳಿಯಲಿ ಅಂತಲೇ ಬರೆಯುವುದು.

ದುಡ್ಡನ್ನು ಮೊದಲೇ ಕೊಟ್ಟುಬಿಡಿ. ಊಟ, ಔಷಧಿಗೆ ತಿಂಗಳಿಗೆ ಎಷ್ಟಾಗುತ್ತದೆ ಅಂತ ನಿಮಗೆ ಗೊತ್ತೇ ಇರುತ್ತದೆ. "ಆಮೇಲೆ ಲೆಕ್ಕ ಮಾಡೋಣ" ಅಂದರೆ ಅವರು ಕೇಳುವುದಿಲ್ಲ, ನಿಮಗೆ ನೆನಪಿರುವುದಿಲ್ಲ.

ಒಪ್ಪಿಸುವ ದಿನ

ಆಸ್ಪತ್ರೆಗೆ ಹೊರಡುವ ದಿನವೇ ಬಿಡಬೇಡಿ, ಎರಡು ದಿನ ಮುಂಚೆ ಬಿಡಿ. ಜೊತೆಗೆ ಅದರ ತಟ್ಟೆ, ಚೈನು, ಲಸಿಕೆ ಪುಸ್ತಕ, ಹತ್ತು ದಿನದ ಊಟ ಕೊಡಿ. ಊಟ ದಿಢೀರ್ ಬದಲಾದರೆ ಭೇದಿ ಶುರುವಾಗುತ್ತದೆ. ನೀವು ಉಟ್ಟ, ಒಗೆಯದ ಒಂದು ಹಳೇ ಸೀರೆಯನ್ನೋ ಲುಂಗಿಯನ್ನೋ ಮಲಗುವ ಜಾಗಕ್ಕೆ ಹಾಸಲು ಕೊಡಿ. ಮೊದಲ ರಾತ್ರಿ ಆ ವಾಸನೆ ದೊಡ್ಡ ಸಮಾಧಾನ.

ಬೆಲ್ಟಿನ ಮೇಲೆ ಫೋನ್ ನಂಬರ್ ಬರೆಸಿ. ಆದರೆ ನಿಮ್ಮದಲ್ಲ, ಇಟ್ಟುಕೊಳ್ಳುವವರದ್ದು. ನಾಯಿ ತಪ್ಪಿಸಿಕೊಂಡಾಗ ಫೋನ್ ಆಪರೇಷನ್ ಥಿಯೇಟರ್ ಹೊರಗಿನ ಚೀಲದಲ್ಲಿ ರಿಂಗಾದರೆ ಏನು ಪ್ರಯೋಜನ?

ಬೇರೆ ಊರಿಗೆ ಒಯ್ಯಬೇಕಾದರೆ ಕಾರು ಉತ್ತಮ. ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಒಯ್ಯಬಹುದು, ಐಷಾರಾಮಿ ಬಸ್ಸುಗಳಲ್ಲಿ ಬಿಡುವುದಿಲ್ಲ. ಹೊರಡುವ ಮುಂಚೆ ಡಿಪೋದಲ್ಲಿ ವಿಚಾರಿಸಿಕೊಳ್ಳಿ.

ಇಟ್ಟುಕೊಳ್ಳುವವರಿಗೆ

ನೀವು ದೊಡ್ಡ ಕೆಲಸಕ್ಕೆ ಒಪ್ಪಿದ್ದೀರಿ. ಮೊದಲ ಮೂರು ದಿನ ಏನೂ ಮಾಡದಿರುವುದೇ ನಿಮ್ಮ ಕೆಲಸ. ಸ್ನಾನ ಬೇಡ, ನೆಂಟರನ್ನು ಕರೆದು ತೋರಿಸುವುದು ಬೇಡ, ಮಕ್ಕಳು ತಬ್ಬಿಕೊಳ್ಳುವುದು ಬೇಡ. ಒಂದು ಮೂಲೆ ಕೊಟ್ಟು ಸುಮ್ನೆ ಬಿಟ್ಟುಬಿಡಿ. ನಾಯಿ ಗೇಟಿಗೆ ಮೂತಿ ಒತ್ತಿಕೊಂಡು ಮಲಗಬಹುದು, ಪ್ರತಿ ಆಟೋ ಸದ್ದಿಗೂ ಕಿವಿ ನಿಮಿರಿಸಬಹುದು, ಒಂದು ದಿನ ಊಟ ಬಿಡಬಹುದು. ನೀರು ಕುಡಿಯುತ್ತಿದ್ದರೆ ಗಾಬರಿ ಬೇಡ. ಎರಡು ದಿನ ದಾಟಿದರೂ ತಿನ್ನದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಮೊದಲ ಎರಡು ವಾರ ಚೈನಿಲ್ಲದೆ ಹೊರಗೆ ಬಿಡಬೇಡಿ, ಎಷ್ಟೇ ಹೊಂದಿಕೊಂಡ ಹಾಗೆ ಕಂಡರೂ. ಅದಕ್ಕೆ ತನ್ನ ಮನೆಯ ದಾರಿ ಹುಡುಕುವುದೇ ಗುರಿ. ಗೇಟು ಹಾಕುವ ಅಭ್ಯಾಸ ಮನೆಯವರೆಲ್ಲರಿಗೂ ಆಗಬೇಕು, ಹಾಲಿನವರಿಗೂ ಹೇಳಬೇಕು. ದೀಪಾವಳಿ, ಗಣಪತಿ ವಿಸರ್ಜನೆ ನಡುವೆ ಬಂದರೆ ಆ ಸಂಜೆ ಒಳಕೋಣೆಯಲ್ಲಿ ಇಟ್ಟು, ಕಿಟಕಿ ಮುಚ್ಚಿ, ಟಿವಿ ಹಾಕಿ.

ನಮ್ಮ ಮನೆಯ ಊಟದಲ್ಲೇ ಅಪಾಯ ಇದೆ. ಸಾರು, ಪಲ್ಯದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ನಾಯಿ, ಬೆಕ್ಕು ಎರಡರ ರಕ್ತಕಣಕ್ಕೂ ಅದು ಕೆಟ್ಟದ್ದು. ಪಾಯಸದ ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ ಬೇಡ. ಮೈ ಬಿಸಿ ಇದೆ ಅಂತ ಕ್ರೋಸಿನ್, ಡೋಲೋ ಪುಡಿಮಾಡಿ ಕೊಡಲೇಬೇಡಿ. ಬೆಕ್ಕಿಗೆ ಒಂದೇ ಮಾತ್ರೆ ಪ್ರಾಣ ತೆಗೆಯುತ್ತದೆ.

ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಲಸಿಕೆ ಆಗಿರುವ ನಾಯಿ ಅಂತ ಮನೆಯಲ್ಲೇ ಕೂರಬೇಡಿ. ಅರಿಶಿನ, ಸುಣ್ಣ ಹಚ್ಚುವುದೂ ಬೇಡ.

ಆಸ್ಪತ್ರೆಯಲ್ಲಿ ಇರುವವರಿಗೆ ದಿನಕ್ಕೊಂದು ಫೋಟೊ ಕಳಿಸಿ, ಒಂದೇ ಹೊತ್ತಿಗೆ. ವಾರ್ಡಿನಲ್ಲಿ ಮಲಗಿದವರು ಅದಕ್ಕೇ ಕಾಯುತ್ತಿರುತ್ತಾರೆ. ವಿಡಿಯೊ ಕಾಲ್‌ನಲ್ಲಿ ದನಿ ಕೇಳಿಸಿದರೆ ಕೆಲವು ನಾಯಿಗಳು ಮನೆಯೆಲ್ಲ ಹುಡುಕಿ ಅಳುತ್ತವೆ, ಹಾಗಾದರೆ ಬೇಡ. ಚಿಕ್ಕಪುಟ್ಟ ಭೇದಿ, ಕಡಿದ ಚಪ್ಪಲಿಯ ಸುದ್ದಿಯನ್ನು ರೋಗಿಗೆ ಹೇಳುವ ಬದಲು ಅವರ ಮಗಳಿಗೋ ಮಗನಿಗೋ ಹೇಳಿ. ದೊಡ್ಡ ಸುದ್ದಿಯನ್ನು ಮಾತ್ರ ಯಾರಿಂದಲೂ ಮುಚ್ಚಿಡಬೇಡಿ.

ಬೆಕ್ಕು ಬಂದರೆ ಒಂದೇ ಕೋಣೆಯಲ್ಲಿ ಇಡಿ. ಟ್ರೇ ಒಂದು ಮೂಲೆಗೆ, ಊಟ ಇನ್ನೊಂದು ಮೂಲೆಗೆ. ಮಂಚದ ಕೆಳಗೆ ಸೇರಿದರೆ ಸೇರಲಿ. ರಾತ್ರಿ ನೀವು ಮಲಗಿದ ಮೇಲೆ ತಿನ್ನುತ್ತದೆ. ಆದರೆ ತಿಂದಿದೆಯೋ ಇಲ್ಲವೋ ಬೆಳಿಗ್ಗೆ ನೋಡಲೇಬೇಕು. ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವ ಬೆಕ್ಕಿಗೆ, ಲಿವರ್ ಕೆಡುತ್ತದೆ.

ಗಿಳಿಯ ವಿಷಯ ಬೇರೆ. ನಮ್ಮ ನಾಡಿನ ಹಸಿರು ಗಿಳಿ, ನಕ್ಷತ್ರ ಆಮೆ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಇಟ್ಟುಕೊಂಡವರಿಗೂ ತೊಂದರೆ.

ದಿಢೀರ್ ಅಡ್ಮಿಟ್ ಆದರೆ

ಒಬ್ಬರೇ ಇರುವವರು ಇದನ್ನು ಇವತ್ತೇ ಮಾಡಿ. ಒಂದು ಚೀಟಿಯಲ್ಲಿ "ಮನೆಯಲ್ಲಿ ನಾಯಿ ಇದೆ, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ" ಅಂತ ಬರೆದು ಪರ್ಸಿನಲ್ಲಿ ಆಧಾರ್ ಕಾರ್ಡಿನ ಜೊತೆ ಇಡಿ. 108ರಲ್ಲಿ ಕರೆದುಕೊಂಡು ಹೋದಾಗ ಆಸ್ಪತ್ರೆಯವರು ಮೊದಲು ತೆಗೆಯುವುದು ಅದನ್ನೇ. ಇನ್ನೊಂದು ಚೀಟಿ ಬಾಗಿಲ ಒಳಗಡೆ ಅಂಟಿಸಿ. ಬೀಗದ ಕೈ ನಾಯಿಗೆ ಗುರುತಿರುವ ಒಬ್ಬರ ಹತ್ತಿರ ಇರಲಿ. ಗುರುತಿಲ್ಲದವರು ಬಾಗಿಲು ತೆಗೆದರೆ ಅದು ಒಳಗೆ ಬಿಡುವುದಿಲ್ಲ.

ದಿನ ಮುಗಿದರೂ ಡಿಸ್ಚಾರ್ಜ್ ಆಗದಿದ್ದರೆ

ಸೋಂಕು ಆಗಬಹುದು, ಇನ್ನೊಂದು ಆಪರೇಷನ್ ಬೇಕಾಗಬಹುದು. ಹೇಳಿದ ತಾರೀಖಿಗೆ ಒಂದು ವಾರ ಮೊದಲೇ ಫೋನ್ ಮಾಡಿ, ಇನ್ನೆಷ್ಟು ದಿನ ಅಂತ ಹೇಳಿ, ಆಗುತ್ತದಾ ಅಂತ ಕೇಳಿ. ಆಗದಿದ್ದರೆ ಎರಡನೇ ಮನೆ ಇದೆಯಲ್ಲ. ಪ್ರಾಣಿಯನ್ನು ಬಿಟ್ಟು ಸುಮ್ಮನಾಗುವುದು ತಪ್ಪು ಮಾತ್ರ ಅಲ್ಲ. ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ವಾಪಸ್ ಬರದಿದ್ದರೆ ಅನ್ನುವುದನ್ನೂ ಮಾತಾಡಿಟ್ಟುಕೊಳ್ಳಿ. ಬಾಯಿಗೆ ಬಾರದ ಮಾತು, ಗೊತ್ತು. ಆದರೂ ಕಾಯಿಲೆಯವರು ತಾವಾಗಿಯೇ "ನಂಗೇನಾದ್ರೂ ಆದ್ರೆ ಇದನ್ನ ಯಾರು ನೋಡ್ಕೋತಾರೆ" ಅಂತ ಶುರುಮಾಡಿದಾಗ "ಛೇ, ಬಿಡ್ತು ಅನ್ನಿ" ಅಂತ ಬಾಯಿ ಮುಚ್ಚಿಸಬೇಡಿ. ಕೂತು ಕೇಳಿ, ಒಂದು ಹೆಸರು ಗೊತ್ತುಮಾಡಿ, ಆ ಹೆಸರಿನವರನ್ನು ಕರೆಸಿ ಮಾತಾಡಿಸಿ. ನಮ್ಮ ಕಾನೂನಿನಲ್ಲಿ ನಾಯಿಯ ಹೆಸರಿಗೆ ದುಡ್ಡು ಬರೆಯಲು ಬರುವುದಿಲ್ಲ. ಅದನ್ನು ನೋಡಿಕೊಳ್ಳುವವರ ಹೆಸರಿಗೆ ವಿಲ್‌ನಲ್ಲಿ ಬರೆಯಬಹುದು.

ವಾಪಸ್ ಮನೆಗೆ

ಡಿಸ್ಚಾರ್ಜ್ ಆದ ದಿನವೇ ನಾಯಿ ಕರೆಸಬೇಡಿ. ಮನೆ ಮಾತ್ರೆ, ಹಾಸಿಗೆ, ನೋಡಲು ಬರುವವರಿಂದ ತುಂಬಿರುತ್ತದೆ. ಒಂದೆರಡು ದಿನ ಬಿಟ್ಟು, ನೀವು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಿರುವಾಗ, ಹೊಲಿಗೆ ಇರುವ ಕಡೆ ದಿಂಬು ಇಟ್ಟುಕೊಂಡಿರುವಾಗ, ಚೈನು ಹಿಡಿದು ಒಳಗೆ ತರಲಿ. ಅದಕ್ಕೂ ಮುಂಚೆ ಒಂದು ದೊಡ್ಡ ಸುತ್ತು ನಡೆಸಿ ದಣಿಸಿ ತಂದರೆ ಒಳ್ಳೆಯದು. ಡಾಕ್ಟರು ಒಪ್ಪುವವರೆಗೂ ವಾಕಿಂಗ್ ಬೇರೆಯವರದ್ದು. ಬೀದಿಯ ಕಾಲೇಜು ಹುಡುಗರನ್ನು ಕೇಳಿದರೆ ಖುಷಿಯಿಂದ ಬರುತ್ತಾರೆ, ದಿನಕ್ಕಿಷ್ಟು ಅಂತ ಕೊಡಿ. ನಿಮ್ಮಲ್ಲಿ ಆಸ್ಪತ್ರೆ ವಾಸನೆ ಇರುವುದರಿಂದ ನಾಯಿ ಮೊದಲು ಹಿಂಜರಿಯಬಹುದು. ಬೆಕ್ಕು ಒಂದು ದಿನ ಮುಖ ತಿರುಗಿಸಿಕೊಂಡೇ ಇರಬಹುದು. ಒತ್ತಾಯ ಬೇಡ.

ಇಟ್ಟುಕೊಂಡ ಮನೆಯ ಮಕ್ಕಳಿಗೆ ಕರೆದೊಯ್ಯುವ ದಿನವನ್ನು ವಾರ ಮೊದಲೇ ಹೇಳಿ, ಆಮೇಲೂ ಬಂದು ಆಡಿಸಲು ಕರೆಯಿರಿ. ಉಳಿದ ದುಡ್ಡಿನ ಲೆಕ್ಕ ಆ ದಿನವೇ ಮುಗಿಸಿ.

ಕೀಮೋ 21 ದಿನಕ್ಕೊಮ್ಮೆ ಅಂತ ಇನ್ನೂ ನಾಲ್ಕು ಸಲ ಬಾಕಿ ಇದ್ದರೆ ಆ ತಾರೀಖುಗಳನ್ನು ಆ ಮನೆಯವರ ಕ್ಯಾಲೆಂಡರಿನಲ್ಲೂ ಗುರುತು ಹಾಕಿಸಿ. ತಟ್ಟೆ, ಚೈನು, ಹಾಳೆ, ಲಸಿಕೆ ಪುಸ್ತಕದ ಚೀಲವನ್ನು ಬಿಚ್ಚದೆ ಬಾಗಿಲ ಹತ್ತಿರವೇ ಇಡಿ.